ಕೋವಿಯನ್ನು ಕೇಳಿದವಳು

ಕೊಡಗಿನ ಕೋವಿಗಳಿಗೆ ಮಾತು ಬಂದು ಇಪ್ಪತ್ತು ವರ್ಷವಾಗಿತ್ತು. ಗುಂಡು ಹಾರಿಸಿದವರು ಯಾರೆಂದು ಮಾಲೀಕರು ಕೇಳಿದರೆ ಮಾತ್ರ ಅವು ಹೇಳುತ್ತಿದ್ದವು. ಇನ್ನು ಪೊಲೀಸರೂ ಕೇಳಬಹುದೆಂಬ ಕಾನೂನು ಬಂದಾಗ, ಊರವರೆಲ್ಲ ಕೋವಿ ಹಿಡಿದೇ ಪ್ರತಿಭಟನಾ ಸಭೆಗೆ ಬಂದರು.

"ಇದು ಮನೆತನದ ಮರ್ಯಾದೆ ಪ್ರಶ್ನೆ. ನಾಳೆಯೇ ಹೈಕೋರ್ಟಿಗೆ ಹೋಗೋಣ!" ವೇದಿಕೆಯಿಂದ ನಾಣಯ್ಯ ಗುಡುಗಿದ. ಜೋರು ಚಪ್ಪಾಳೆ ಬಿತ್ತು.

ಅವನ ಅತ್ತಿಗೆ ಚೋಂದಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೋವಿ ಒರೆಸುವಾಗ ಗುಂಡು ಸಿಡಿದು ಅವಳ ಗಂಡ ಸತ್ತನೆಂದು ಮೂರು ವರ್ಷದ ಹಿಂದೆ ಹೇಳಿದವನು ನಾಣಯ್ಯನೇ. ಆ ಕೋವಿ ಈಗ ಅವಳ ಹೆಸರಿನಲ್ಲಿತ್ತು, ಅವಳ ತೊಡೆಯ ಮೇಲಿತ್ತು. ಒಮ್ಮೆಯೂ ಅದನ್ನು ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಅವಳು ಎದ್ದು ನಿಂತಳು. "ಪೊಲೀಸರು ಯಾಕೆ? ನಾನೇ ಕೇಳ್ತೇನೆ."

ನಾಣಯ್ಯ ವೇದಿಕೆಯಿಂದ ಧಡಧಡನೆ ಇಳಿದು ಬಂದ. "ಅತ್ತಿಗೆ, ಇಲ್ಲಿ ಬೇಡ. ಮನೆಯಲ್ಲಿ ಮಾತಾಡೋಣ."

"ಮನೆಯಲ್ಲಿ ಮೂರು ವರ್ಷ ಸುಮ್ಮನಿದ್ದೆನಲ್ಲ, ನಾಣಯ್ಯ." ಅವಳು ಕೋವಿಯನ್ನೆತ್ತಿದಳು. "ನನ್ನ ಗಂಡನಿಗೆ ಹೊಡೆದದ್ದು ಯಾರು?"

ಕೋವಿ ನಾಣಯ್ಯನ ಹೆಸರು ಹೇಳಿತು.

ಚೋಂದಮ್ಮ ಕೋವಿಯನ್ನು ಹೆಗಲಿಗೇರಿಸಿ ಠಾಣೆಯ ಕಡೆ ಹೊರಟಳು. ದಾರಿ ಬಿಡಿ ಎಂದು ಅವಳು ಹೇಳುವ ಮೊದಲೇ ಜನ ಸರಿದು ನಿಂತರು.