ನೀಲಮ್ಮನ ಜಾಡಿ

ಡಾಕ್ಟರ್ ಮುತ್ತಣ್ಣ ಔಷಧಿ ಹನಿಸಿದೊಡನೆ ಮನೆಯಿಂದ ತಂದ ಜಾಡಿಯಿಂದ ಗಾಜಿನ ಕೊಳವೆಗೆ ಸುರಿದಿದ್ದ ಮೂತ್ರ ಮಜ್ಜಿಗೆಯಂತೆ ಬೆಳ್ಳಗಾಯಿತು. ಬೆಂಚಿನ ಮೇಲೆ ಕುಳಿತಿದ್ದ ನೀಲಮ್ಮನ ಬೆರಳುಗಳು ಮತ್ತೆ ಸೆಟೆದು ಒಂದಕ್ಕೊಂದು ಒತ್ತಿಕೊಂಡವು. ಅತ್ತೆ ರುದ್ರಮ್ಮ ಅವನ್ನು ತಿಕ್ಕುತ್ತಿದ್ದಳು, ಕಣ್ಣು ಮಾತ್ರ ಕೊಳವೆಯ ಮೇಲಿತ್ತು.

“ರಕ್ತದಲ್ಲಿ ಸುಣ್ಣದ ಅಂಶ ತೀರಾ ಕಡಿಮೆ, ಮೂತ್ರದಲ್ಲಿ ನೋಡಿದ್ರೆ ಇಷ್ಟೊಂದು,” ಎಂದರು ಡಾಕ್ಟರ್. “ಮೂತ್ರಪಿಂಡ ಸೋರ್ತಾ ಉಂಟು. ಸುಣ್ಣದಂಶದ ಇಂಜೆಕ್ಷನ್ ಕೊಟ್ರೆ ಅದೂ ಸೋರಿ ಹೋಗ್ತದೆ. ಮೈಸೂರಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ.”

ರುದ್ರಮ್ಮನ ಕೈ ನಿಂತಿತು. “ಸುಣ್ಣ ಸಿಕ್ಕಿದ್ರೆ ಒಳ್ಳೇದಲ್ವಾ ಡಾಕ್ಟ್ರೆ?”

“ಒಳ್ಳೇದು ಅಂತ ಯಾರು ಹೇಳಿದ್ದು?”

ಅವಳು ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. “ಉಚ್ಚೇಲಿ ಸುಣ್ಣ ಐತಾ ನೋಡ್ಬೇಕು ಅಂದಿದ್ರಿ. ಇಲ್ದಿದ್ರೆ ಇವ್ಳು ಬದುಕಲ್ಲ ಅನ್ಕೊಂಡೆ. ಜಾಡೀಗೆ ಒಂದ್ ಬೆರಳು ಸುಣ್ಣ ಹಾಕ್ಬುಟ್ಟೆ.”

“ಎಲೆಗೂ ಅಷ್ಟು ಹಚ್ಚಲ್ಲ ನೀವು,” ಎಂದಳು ನೀಲಮ್ಮ, ಹಲ್ಲು ಕಚ್ಚಿಕೊಂಡು.

ಡಾಕ್ಟರ್ ಜಾಡಿಯನ್ನು ಬಚ್ಚಲಿಗೆ ಸುರಿದು, ಖಾಲಿ ಸೀಸೆ ಕೊಟ್ಟರು. ನೀಲಮ್ಮ ಗೋಡೆ ಹಿಡಿದು ಹೋಗಿ ಬಂದಳು. ಸೀಸೆ ಡಾಕ್ಟರ ಕೈ ಸೇರುವವರೆಗೂ ರುದ್ರಮ್ಮ ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಔಷಧಿ ಬಿತ್ತು. ಈ ಸಲ ಕೊಳವೆ ಕದಡಲಿಲ್ಲ. ಅದರಾಚೆಯ ಕಿಟಕಿಯ ಸರಳುಗಳು ಸ್ಪಷ್ಟವಾಗಿ ಕಂಡವು.

“ಏನೂ ಇಲ್ವಾ?”

“ಏನೂ ಇಲ್ಲ. ಮೂತ್ರಪಿಂಡ ಸೋರ್ತಾ ಇಲ್ಲ. ಮೈಸೂರು ಬೇಡ, ಇಂಜೆಕ್ಷನ್ನೇ ಸಾಕು,” ಎಂದ ಡಾಕ್ಟರ್ ಸೂಜಿಗೆ ಕೈ ಚಾಚಿದರು.

ಅವರು ಹೇಳುವ ಮೊದಲೇ ರುದ್ರಮ್ಮ ಸೊಸೆಯ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಹಿಡಿದಿದ್ದಳು.