ಅಮ್ಮನಿಗೆಂದು ಹೊಡೆದ ಮೊಳೆ

ಕೈಗೆ ಬಂದು ಇನ್ನೂ ಒಂದು ಗಳಿಗೆಯಾಗಿರಲಿಲ್ಲ, ಕ್ಯಾಮೆರಾ ಕೆಟ್ಟೇಹೋಯಿತು ಎಂದು ಫೋಟೊ ಸ್ಟುಡಿಯೊದ ಕ್ಲಿಕ್ ಮಾಮನ ಎದೆ ಧಸಕ್ ಎಂದಿತು. ಗುಂಡಿ ಒತ್ತಿದರು, ಸದ್ದಿಲ್ಲ. ಮತ್ತೆ ಒತ್ತಿದರು, ಆಗಲೂ ಇಲ್ಲ. ಕ್ಯಾಮೆರಾ ಕಂಪನಿಯವರು ತಮ್ಮ ಕಟ್ಟಡದ ಬಾಗಿಲು ತೆರೆದಿಟ್ಟು, ಬನ್ನಿ, ಎಲ್ಲವನ್ನೂ ಮುಟ್ಟಿ ನೋಡಿ ಎಂದು ಸ್ಟುಡಿಯೊದವರನ್ನೆಲ್ಲ ಕರೆದಿದ್ದ ದಿನ ಅದು. ಮುಟ್ಟಿ ಎಂದಿದ್ದರು, ಮುರಿಯಿರಿ ಎಂದಿರಲಿಲ್ಲ.

ಎದುರಿಗೆ ಜೋಡಿಸಿಟ್ಟ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಅವರ ಹೆಂಡತಿ ಕೂತಿದ್ದರು. ಗಂಡ ಊರಿಗೆಲ್ಲ ಮಾಮನಾದ್ದರಿಂದ ಇವರು ಊರಿಗೆಲ್ಲ ಅತ್ತೆ. ಮಾಮ ತಮ್ಮ ಸ್ಟುಡಿಯೊದಲ್ಲಿ ಅಳುವ ಕೂಸುಗಳನ್ನು ನಗಿಸಿದ್ದಾರೆ, ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಿದ್ದಾರೆ. ಹೆಂಡತಿಯದೊಂದು ಫೋಟೊ ಮಾತ್ರ ಅವರಿಂದ ಆಗಿಲ್ಲ. ಕ್ಲಿಕ್ ಎನ್ನುವ ಹೊತ್ತಿಗೆ ಸರಿಯಾಗಿ ಅತ್ತೆ ಸೂಜಿ ಚುಚ್ಚಿಸಿಕೊಳ್ಳುವವರಂತೆ ಮುಖ ಬಿಗಿಯುತ್ತಾರೆ. ಮಗಳ ಹೊಸ ಮನೆಯ ಗೋಡೆಯಲ್ಲಿ ಅಪ್ಪನ ಫೋಟೊ ಪಕ್ಕ ಅಮ್ಮನಿಗೆಂದು ಹೊಡೆದ ಮೊಳೆ ಇನ್ನೂ ಖಾಲಿ. "ಅಪ್ಪಾ, ಅಮ್ಮ ಅಮ್ಮನ ಥರಾನೇ ಕಾಣೋ ಒಂದು ಫೋಟೊ ಕೊಡು, ಸಾಕು," ಎಂದು ಅವಳು ಬಂದಾಗಲೆಲ್ಲ ಕೇಳುತ್ತಾಳೆ. ಊರಿನ ಮುಖಗಳನ್ನೆಲ್ಲ ಹಿಡಿದ ಮಾಮನಿಗೆ ಆ ಮಾತು ಚುಚ್ಚುತ್ತದೆ. ಈ ದೊಡ್ಡ ಕ್ಯಾಮೆರಾದಲ್ಲಾದರೂ ಆ ಮುಖ ಬಿದ್ದೀತು ಎಂಬ ಆಸೆಯಿಂದಲೇ ಅವರು ಹೆಂಡತಿಯನ್ನು ಕಾಡಿ ಬೇಡಿ ಕರೆತಂದಿದ್ದರು.

"ಆಯ್ತೇನ್ರೀ?" ತುಟಿ ಅಲುಗಿಸದೆ ಅತ್ತೆ ಕೇಳಿದರು.

"ಇಲ್ಲ ಕಣೇ. ಕ್ಲಿಕ್ಕೇ ಆಗ್ತಿಲ್ಲ."

"ಏನು ಮಾಡಿದ್ರಿ ಅದಕ್ಕೆ?"

"ನಾನೇನು ಮಾಡ್ಲಿ? ಒತ್ತಿದೆ, ಅಷ್ಟೆ."

"ಮೊನ್ನೆ ಮಿಕ್ಸಿ ಕೆಟ್ಟಿದ್ದೂ ನೀವು ಒತ್ತಿದ್ದಕ್ಕೇ! ಕೆಳಗಿಡಿ ಮೊದ್ಲು, ಪರರ ವಸ್ತು."

ಬಿಗಿ ಹಿಡಿದಿದ್ದ ಮುಖ ಅಲ್ಲಿಗೆ ಸಡಿಲವಾಯಿತು. ಕಂಪನಿಯ ಹುಡುಗಿ ಬಂದದ್ದೇ ತಡ, ಅತ್ತೆ ಅವಳ ಮುಂದೆ ದೂರಿನ ಗಂಟು ಬಿಚ್ಚಿದರು. "ನೋಡಮ್ಮ, ಇವರ ಕೈಗೆ ಏನೂ ಕೊಡಬಾರ್ದು. ನಮ್ಮ ಮದುವೇಲಿ ಫೋಟೊ ತೆಗೆಯೋರ ಲೈಟು ಸರಿಯಿಲ್ಲ ಅಂತ ಎದ್ದು ಹೋದ ಮದುಮಗ ಇವರು! ಆಲ್ಬಂ ತೆಗೆದು ನೋಡು, ನಾನು ಕೂತಿದೀನಿ, ಪಕ್ಕದ ಕುರ್ಚಿ ಖಾಲಿ. ಯಾರನ್ನಮ್ಮಾ ಮದುವೆಯಾದೆ ಅಂತ ಕೇಳಿದ್ರೆ ನಾನು ಕುರ್ಚಿ ತೋರಿಸ್ಬೇಕು!" ಹೇಳುತ್ತ ಹೇಳುತ್ತ ಅವರಿಗೇ ನಗು ತಡೆಯಲಾಗಲಿಲ್ಲ. ಪಕ್ಕದ ಕುರ್ಚಿಯನ್ನು ತಟ್ಟಿ ತಟ್ಟಿ ನಕ್ಕರು. ಮಾಮ ಮಾತ್ರ ಕ್ಯಾಮೆರಾದ ಕಿಂಡಿಗೆ ಹಚ್ಚಿದ ಕಣ್ಣು ತೆಗೆಯದೆ, ಬೆವರುತ್ತ, ಒಂದು ಸಲವಾದರೂ ಸದ್ದು ಬರಲಪ್ಪಾ ಎಂದು ಒತ್ತುತ್ತಲೇ ಇದ್ದರು.

"ಸರ್, ಇದು ಸದ್ದೇ ಮಾಡಲ್ಲ," ಎಂದಳು ಹುಡುಗಿ. "ನೀವು ಒತ್ತಿದ್ದೆಲ್ಲ ಫೋಟೊ ಆಗಿ ಬಿದ್ದಿದೆ."

ಅವಳು ಗೋಡೆಯ ದೊಡ್ಡ ಪರದೆಯ ಮೇಲೆ ಒಂದೊಂದಾಗಿ ತೋರಿಸಿದಳು. ಮೊದಲಿನವು ಅದೇ ಸೂಜಿಯ ಮುಖ. ಆಮೇಲೆ ಒಂದರಲ್ಲಿ ಹುಬ್ಬು ಮೇಲೇರಿತ್ತು. ಇನ್ನೊಂದರಲ್ಲಿ ಬೆರಳು ಎದ್ದಿತ್ತು. ಮತ್ತೊಂದರಲ್ಲಿ ಅತ್ತೆ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದರು. ದಿನವೂ ಅಡುಗೆಮನೆಯ ಬಾಗಿಲಲ್ಲಿ ಕಾಣುವ ಮುಖವೇ. ಕ್ಯಾಮೆರಾ ಎತ್ತಿದ ಕೂಡಲೇ ತಪ್ಪಿಸಿಕೊಂಡು ಓಡುತ್ತಿದ್ದ ಮುಖ.

ಅತ್ತೆ ಎದ್ದು ಪರದೆಯ ಹತ್ತಿರಕ್ಕೆ ಬಂದು ನೋಡಿದರು.

"ರೀ, ಬೈಯುವಾಗ ನಾನು ಹೀಗೆ ಕಾಣ್ತೀನಾ?"

"ಯಾವಾಗ್ಲೂ."

"ಮತ್ತೆ ಒಂದು ದಿನಾನೂ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅದಕ್ಕೂ ಪೋಸ್ ಕೊಡ್ತಿದ್ದೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಪರದೆಯ ಮೂಲೆಯತ್ತ ಬೆರಳು ಮಾಡಿ, "ಎಲ್ಲಾ ಸರಿ. ಇದರಲ್ಲೂ ಕುರ್ಚಿ ಖಾಲಿನೇ," ಎಂದರು.

ಮಾಮ ಕ್ಯಾಮೆರಾವನ್ನು ಹುಡುಗಿಯ ಕೈಗಿತ್ತು, "ಇದೊಂದು ನೀನೇ ತೆಗಿಯಮ್ಮ," ಎಂದು ಹೋಗಿ ಆ ಕುರ್ಚಿಯಲ್ಲಿ ಕೂತರು. ಅತ್ತೆಯೂ ಬಂದು ಪಕ್ಕದಲ್ಲಿ ಕೂತರು. ಹುಡುಗಿ ಕ್ಯಾಮೆರಾ ಎತ್ತಿದಳು. ಅಷ್ಟರಲ್ಲಿ ಮಾಮನ ಕಣ್ಣು ಮೇಲಿನ ಲೈಟಿನ ಕಡೆ ಹೋಯಿತು. ಅದು ಒಂದಿಷ್ಟು ಓರೆಯಾಗಿತ್ತು.

ಅಮ್ಮನಿಗೆಂದು ಹೊಡೆದ ಮೊಳೆಯಲ್ಲಿ ಈಗ ತೂಗುತ್ತಿರುವುದು ಆ ಫೋಟೊ. ಮಾಮ ಮೇಲೆ ನೋಡುತ್ತ ಕುರ್ಚಿಯಿಂದ ಅರ್ಧ ಎದ್ದಿದ್ದಾರೆ. ಅತ್ತೆ ನಗುತ್ತ, ಅವರ ಅಂಗಿಯ ಚುಂಗನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆಯುತ್ತಿದ್ದಾರೆ.