ಶಿಸ್ತಿನ ಮನುಷ್ಯ

"ಇವರ ಹೆಸರು ಹೋಗುತ್ತೆ, ನಿಮ್ಮ ಹೆಸರು ಬರುತ್ತೆ. ಇಲ್ಲೊಂದು ಸಹಿ ಮಾಡಿ," ಎಂದು ಬ್ಯಾಂಕಿನ ಅಧಿಕಾರಿ ಗೃಹಸಾಲದ ಕಾಗದವನ್ನು ನರ್ಸ್ ಹುಡುಗಿಯ ಮುಂದೆ ಇಟ್ಟರು. ಹೋಗಬೇಕಾಗಿದ್ದ ಹೆಸರು ಪಕ್ಕದ ಕುರ್ಚಿಯಲ್ಲಿದ್ದ ಟೈಲರಮ್ಮನದು.

ಅವಳಿಗೆ ವಿಚ್ಛೇದನವಾಗಿ ಎರಡು ವರ್ಷವಾಗಿತ್ತು. ಮನೆಯೂ ಗಂಡನಿಗೆ, ಸಾಲವೂ ಗಂಡನಿಗೆ ಎಂದು ಕೋರ್ಟು ಬರೆದುಕೊಟ್ಟಿತ್ತು. ಬ್ಯಾಂಕಿನ ಕಾಗದದಲ್ಲಿ ಮಾತ್ರ ಇಬ್ಬರ ಹೆಸರೂ ಹಾಗೇ ಉಳಿದಿತ್ತು. ಅವನು ಕಂತು ತಪ್ಪಿಸಿದ, ಇವಳ ಕ್ರೆಡಿಟ್ ಸ್ಕೋರ್ ಬಿತ್ತು. ಹೊಸ ಹೊಲಿಗೆ ಯಂತ್ರಕ್ಕೆ ಕೇಳಿದ ಸಾಲ ಸಿಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಫೋನ್ ಮಾಡಿದರೆ ಅವನದು ಒಂದೇ ಮಾತು: "ನಾಳೆ ಕಟ್ತೀನಿ." ಕಾದು ಕಾದು ಸಾಕಾಗಿ, ಹೆಸರು ಇನ್ನಷ್ಟು ಕೆಡದಿರಲೆಂದು ಅವಳೇ ಬಾಯಿ ಮುಚ್ಚಿಕೊಂಡು ತಿಂಗಳು ತಿಂಗಳೂ ಕಟ್ಟತೊಡಗಿದ್ದಳು.

ಈಗ ಅವನು ಮದುವೆಯಾಗಲಿರುವ ಈ ನರ್ಸ್ ಹುಡುಗಿ ಆ ಜಾಗಕ್ಕೆ ಬರಲು ಒಪ್ಪಿದ್ದಳು. ಒಂದು ಸಹಿ ಬಿದ್ದರೆ ಟೈಲರಮ್ಮನಿಗೆ ಬಿಡುಗಡೆ.

ಹುಡುಗಿಯ ಆಚೆ ಬದಿಗೆ ಕೂತಿದ್ದ ಅವನು ಗುರುತಿನ ಚೀಟಿಯ ಜೆರಾಕ್ಸ್ ತರಲು ಮರೆತಿದ್ದ. "ಎರಡೇ ನಿಮಿಷ," ಎಂದು ಎದ್ದು ಹೋದ. ಅಧಿಕಾರಿ ಫೋನಿನಲ್ಲಿ ಮುಳುಗಿದರು.

ಹುಡುಗಿ ಪೆನ್ನಿನ ಮುಚ್ಚಳ ತೆಗೆದು ಹತ್ತಿರ ವಾಲಿದಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಅವರು ಈ ಸಾಲದ ಸ್ಟೇಟ್‌ಮೆಂಟ್ ತೋರಿಸಿದ್ರು. ಎಂಟು ತಿಂಗಳಿಂದ ಒಂದು ಕಂತೂ ತಪ್ಪಿಲ್ಲ. ಇಷ್ಟು ಶಿಸ್ತಿನ ಮನುಷ್ಯನ್ನ ಯಾಕೆ ಬಿಟ್ರಿ?"

ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಸುಮ್ಮನಿದ್ದರೆ ಸಾಕಿತ್ತು. ಪೆನ್ನಿನ ಮೊನೆ ಆಗಲೇ ಕಾಗದಕ್ಕೆ ತಾಗಿತ್ತು. ಹೊಸ ಯಂತ್ರ ಇಡಲೆಂದು ಅಂಗಡಿಯಲ್ಲಿ ಜಾಗವನ್ನೂ ಗುಡಿಸಿ ಬಂದಿದ್ದಳು.

"ಹೇಳಿ ಅಕ್ಕಾ, ಯಾಕೆ ಬಿಟ್ರಿ?"

"ಆ ಎಂಟೂ ನಾನು ಕಟ್ಟಿದ್ದು ಕಣಮ್ಮಾ."

ಹುಡುಗಿ ಪೆನ್ನನ್ನು ಕಾಗದದಿಂದ ಮೇಲೆತ್ತಿದಳು. ಅಷ್ಟರಲ್ಲಿ ಅವನು ಜೆರಾಕ್ಸ್ ಹಿಡಿದು ಬಂದ. "ಸಹಿ ಆಯ್ತಾ?"

"ನಾಳೆ ಮಾಡ್ತೀನಿ," ಎಂದು ಹುಡುಗಿ ಪೆನ್ನಿಗೆ ಮುಚ್ಚಳ ಹಾಕಿ, ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟಳು. "ಏಯ್, ಏನಾಯ್ತು? ನಿಲ್ಲು!" ಎನ್ನುತ್ತ ಅವನೂ ಹಿಂದೆಯೇ ಓಡಿದ.

ಅಧಿಕಾರಿ ಫೋನ್ ಕೆಳಗಿಟ್ಟು, ಎರಡು ಖಾಲಿ ಕುರ್ಚಿಗಳನ್ನೂ ಟೈಲರಮ್ಮನನ್ನೂ ನೋಡಿದರು. ಅವಳು ಚೀಲದಿಂದ ಪರ್ಸ್ ತೆಗೆದಳು.

"ಸರ್, ಈ ತಿಂಗಳಿನ ಕಂತು ಇಲ್ಲೇ ಕಟ್ಟಬಹುದಾ?"